ಹೊರಗಿನ ಎಲೆ

ಬೆಂಗಳೂರು ದಂಡಿನ ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರಿ ಖಾದರ್ ಎಲೆಕೋಸೊಂದನ್ನು ಎತ್ತಿ ಬಿಳಿ ಟವೆಲಿನ ಮೇಲೆ ಕೊಡವಿದ. ಸಾಸಿವೆಯ ಹಾಗೆ ಗಿಡದ ಹೇನು ಉದುರಿದವು.

“ಮುನಿರಾಜಪ್ಪನೋರೇ, ಕೋಸು ಬೆಳೀತೀರೋ, ಹೇನು ಸಾಕ್ತೀರೋ?”

ಸುತ್ತಲಿದ್ದವರೆಲ್ಲ ನಕ್ಕರು. ತುಂಬಿದ ಮಂಕರಿಯನ್ನು ಹಾಗೇ ಹೊತ್ತು ದೊಮ್ಮಲೂರಿಗೆ ನಡೆದ ಮುನಿರಾಜಪ್ಪನಿಗೆ ತಲೆ ಎತ್ತಲಾಗಲಿಲ್ಲ. ನಾಲ್ಕು ಜನರೆದುರು ಹೋದ ಮಾನವನ್ನು ಅದೇ ನಾಲ್ಕು ಜನರೆದುರು ವಾಪಸು ಪಡೆಯಬೇಕಿತ್ತು.

ಅದಕ್ಕೊಂದು ದಾರಿ ಅವನಿಗೆ ಗೊತ್ತಿತ್ತು. ಹಲಸೂರು ಕೆರೆಯ ಬಳಿಯ ಬಂಗಲೆಯೊಂದರಲ್ಲಿ ಅವನು ಮಾಲಿಯಾಗಿದ್ದ. ಅಲ್ಲಿನ ಇಂಗ್ಲಿಷ್ ದೊರೆ ಸೇವಂತಿಗೆ ಕುಂಡಗಳಿಗೆಂದು ತನ್ನ ಸೀಮೆಯಿಂದ ಒಂದು ಮದ್ದು ತರಿಸಿದ್ದ. ಅದನ್ನು ಎಲೆಗೆ ಎರಚುವುದಲ್ಲ, ಬುಡಕ್ಕೆ ಹುಯ್ಯುವುದು. ಬೇರು ಅದನ್ನು ಕುಡಿದು ಗಿಡದ ರಸಕ್ಕೆಲ್ಲ ಏರಿಸುತ್ತದೆ. ರಸ ಹೀರಿದ ಹೇನು ಕೂತಲ್ಲೇ ಸಾಯುತ್ತದೆ. “ಹೂವಿಗೆ ಮಾತ್ರ. ತಿನ್ನೋ ಗಿಡಕ್ಕೆ ಹಾಕ್ಬೇಡ, ತೊಳೆದ್ರೂ ಹೋಗಲ್ಲ” ಎಂದು ಬಟ್ಲರನ ಬಾಯಲ್ಲಿ ಹೇಳಿಸಿದ್ದ. ನಲವತ್ತೇಳರಲ್ಲಿ ದೊರೆ ಗಂಟುಮೂಟೆ ಕಟ್ಟಿ ಊರಿಗೆ ಹೊರಟ ಗಡಿಬಿಡಿಯಲ್ಲಿ ಆ ಡಬ್ಬಿ ಮುನಿರಾಜಪ್ಪನ ತೋಟ ಸೇರಿತ್ತು. ಯಾರೂ ಹುಡುಕಿರಲಿಲ್ಲ. ಮುಂದಿನ ಬೆಳೆಯ ಕೋಸಿನ ಬುಡಕ್ಕೆ ಅದನ್ನೇ ಹುಯ್ದ.

ಅವನು ಎಲ್ಲವನ್ನೂ ಯೋಚಿಸಿದ್ದ. ಮದ್ದಿಗೆ ವಾಸನೆಯಿಲ್ಲ, ಎಲೆಯ ಮೇಲೆ ಕಲೆಯಿಲ್ಲ. ಯಾರಿಗಾದರೂ ಹೊಟ್ಟೆ ಕೆಟ್ಟರೆ ನೀರನ್ನು ಬೈಯುತ್ತಾರೆ, ಕೋಸನ್ನಲ್ಲ. ಮನೆಯಲ್ಲಿ ಬಾಣಂತಿ ಮಗಳಿದ್ದಳು. ಮನೆಯ ಅಡುಗೆಗೆಂದು ಬಾವಿಯ ಪಕ್ಕದ ಸಾಲನ್ನು ಮದ್ದು ಮುಟ್ಟಿಸದೆ, ಹೇನು ಸಮೇತ ಬಿಟ್ಟಿದ್ದ.

ಆದರೂ ಕೋಸು ಕೊಯ್ಯುವಾಗ ಅವನಿಗೆ ತನ್ನ ಕೈ ನೋಡಲೇ ನಾಚಿಕೆಯಾಯಿತು. ಮದ್ದು ಹಳೆಯ ಎಲೆಗಳಲ್ಲೇ ಹೆಚ್ಚು ನಿಲ್ಲುತ್ತದೆಂದು ಅವನ ಲೆಕ್ಕ. ತಿನ್ನುವವರಿಗೆ ಅಷ್ಟಾದರೂ ಕಡಿಮೆಯಾಗಲಿ ಎಂದು ಮಾರ್ಕೆಟ್ಟಿನಲ್ಲಿ ಹೊರಗಿನ ಎಲೆಗಳನ್ನು ಧಾರಾಳವಾಗಿ ಸುಲಿದ. ತನ್ನ ಹಸುವಿಗೆ ಅವನ್ನು ಹಾಕುವ ಧೈರ್ಯವಿರಲಿಲ್ಲ. ಹಲಸೂರಿನಲ್ಲಿ ಆಡು ಸಾಕಿದ್ದ ಶಂಶುನ್ನೀಸಾ ಸೊಪ್ಪು ಆಯಲು ಬಂದಾಗ ಅವಳ ಬುಟ್ಟಿಗೆ ತುಂಬಿದ.

“ನಿಮ್ ಮಕ್ಳುಮರಿ ಚೆನ್ನಾಗಿರ್ಲಿ ಅಣ್ಣಾ” ಎಂದಳು. ಅವನು ಅವಳ ಮುಖ ನೋಡಲಿಲ್ಲ.

ಖಾದರ್ ಕೋಸನ್ನು ಕೊಡವಿದ. ಟವೆಲ್ ಬೆಳ್ಳಗೇ ಉಳಿಯಿತು. “ಕೈಗುಣ ಅಂದ್ರೆ ಇದು” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ. ಬಯಸಿ ಬಯಸಿ ಪಡೆದ ಮಾತು. ಆದರೂ ಮುನಿರಾಜಪ್ಪ ತಲೆ ತಗ್ಗಿಸಿಯೇ ನಿಂತಿದ್ದ. ಮತ್ತೆ ತರಬಾರದು ಎಂದುಕೊಂಡ. ಸುಗ್ಗಿ ಮುಗಿಯುವವರೆಗೂ ತಂದ. ಪ್ರತಿ ಸಲವೂ ಶಂಶುನ್ನೀಸಾಳ ಬುಟ್ಟಿ ತುಂಬಿಸಿಯೇ ಮನೆಗೆ ಹೊರಟ.

ಕೊನೆಯ ಮಂಕರಿ ಮಾರಿ ಬಂದ ದಿನ ಹೆಂಡತಿ ಪಿಳ್ಳಮ್ಮ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹಾಲು ಹುಯ್ಯುತ್ತಿದ್ದಳು. ಮಗು ಬಾಯಿ ತೆರೆಯುತ್ತಿರಲಿಲ್ಲ. ಕೈಕಾಲು ಸೋತು ಬಿದ್ದಿದ್ದವು. “ಕುಡಿದದ್ದೆಲ್ಲ ಕಕ್ಕೊಂತದೆ, ಏನಾಯ್ತೋ ಕಾಣೆ” ಎಂದಳು. “ಮಗಳಿಗೆ ಎದೆಹಾಲು ಸಾಲ್ದು ಅಂತ ಆಡಿನ ಹಾಲು ತರ್ತಾ ಇದೀನಿ. ಒಳ್ಳೇ ಹಾಲೇಯ, ಹಲಸೂರಿನ ಶಂಶುನ್ನೀಸಾದು. ನೀವು ದಿನಾ ಸೊಪ್ಪು ಕೊಡ್ತೀರಂತಲ್ಲ, ಅದಕ್ಕೇ ಪಾಪ, ನಮ್ಮ ಮಗೀಗೆ ಅಂತ ಆ ಸೊಪ್ಪು ತಿನ್ನೋ ಆಡನ್ನೇ ಬೇರೆ ಕಟ್ಟವ್ರೆ.”