ಅವರ ಕಿವಿಯಲ್ಲಿ ನನ್ನ ದನಿ

ಬಾಗಿಲಲ್ಲಿ ಚಿನಕುರುಳಿ ನಿಂತಿದ್ದಳು. ಮುಖಕ್ಕೆ ಅರ್ಧ ಮೇಕಪ್ ಆಗಿತ್ತು. ಅದೂ ಕಣ್ಣೀರಿನಲ್ಲಿ ಕದಡಿಹೋಗಿತ್ತು. ಟಿವಿಯಲ್ಲಿ ಸುದ್ದಿ ಓದುವ ಹುಡುಗಿ, ನನ್ನ ಯಜಮಾನರ ಶಿಷ್ಯೆ. ಆ ಅಡ್ಡಹೆಸರಿಟ್ಟವರೂ ಅವರೇ. ಹೊಸಬರಿಗೆ ಪಾಠ ಹೇಳಲೆಂದು ಅವರು ಅಂದು ಊಟ ಮುಗಿಸಿ ಚಾನೆಲ್ಲಿಗೆ ಹೋಗಿದ್ದರು.

"ಅಮ್ಮಾ, ಟಿವಿ ಹಾಕಿದ್ರಾ?"

"ಇಲ್ಲಮ್ಮ. ಅವರಿಲ್ಲದೆ ಒಬ್ಬಳೇ ಏನು ನೋಡ್ಲಿ?"

"ಹಾಕ್ಬೇಡಿ." ನನ್ನ ಎರಡೂ ಕೈ ಹಿಡಿದುಕೊಂಡಳು. "ಪಾಠ ಹೇಳ್ತಾ ಹೇಳ್ತಾ ಕುರ್ಚಿಗೆ ಒರಗಿಬಿಟ್ರು. ಆಸ್ಪತ್ರೆ ಮುಟ್ಟೋಷ್ಟರಲ್ಲಿ ಸರ್ ಹೋಗಿಬಿಟ್ಟಿದ್ರು ಅಮ್ಮಾ."

ನನಗೆ ಅಳು ಬರಲಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಹೋಗಿ ಆರಿಸಿ ಬಂದೆ.

"ಬೇರೆ ಚಾನೆಲ್‌ನವರು ಆಗ್ಲೇ ಸುದ್ದಿ ಹಾಕಿದ್ದಾರೆ. ನಾವು ಹಾಕಿಲ್ಲ. ಮನೆಯವರಿಗೆ ಗೊತ್ತಾಗೋ ಮುಂಚೆ ಯಾರ ಸಾವನ್ನೂ ಓದಬಾರದು ಅಂತಿದ್ರಲ್ಲ ಸರ್."

ಆ ನಿಯಮಕ್ಕಾಗಿ ಅವರು ಮೇಲಿನವರಿಂದ ಎಷ್ಟು ಬೈಸಿಕೊಂಡಿದ್ದರು! ಕೊನೆಗೆ ಅದು ಕಾದದ್ದು ನನ್ನನ್ನು.

ಆಸ್ಪತ್ರೆಯಲ್ಲಿ ಅವರು ಮಲಗಿದ ಹಾಗೇ ಇದ್ದರು. ಬಲಗಿವಿಯ ಹತ್ತಿರ ಬಾಗಿ "ರೀ" ಎಂದೆ. ಆ ಕಿವಿ ನನ್ನದು. ಅಲ್ಲಿಂದ ಉತ್ತರ ಬರದೆ ಇದ್ದದ್ದು ಅದೇ ಮೊದಲು.

ಅವರು ಟಿವಿಗೆ ಬಂದದ್ದು ಬಸ್ ನಿಲ್ದಾಣದಿಂದ. ಅಲ್ಲಿ ಮೈಕಿನಲ್ಲಿ ಬಸ್ಸು ಹೊರಡುವ ಹೊತ್ತು ಕೂಗುತ್ತಿದ್ದರು. ಆ ದನಿ ಕೇಳಿಯೇ ನಮ್ಮ ಸಂಪಾದಕರು ಕರೆತಂದರು. ಮೊದಲ ದಿನ ಕ್ಯಾಮೆರಾ ಮುಂದೆ ಮರಗಟ್ಟಿ ಕೂತುಬಿಟ್ಟರು. ಕಂಟ್ರೋಲ್ ರೂಮಿನಲ್ಲಿ ಗುಂಡಿ ಒತ್ತಿ, ಓದುವವರ ಕಿವಿಗೆ ಸೂಚನೆ ಕೊಡುವುದು ಆಗ ನನ್ನ ಕೆಲಸ.

"ಏನಾಯ್ತ್ರೀ?" ಎಂದೆ.

"ಅಲ್ಲಿ ನಾನು ಬಾಯಿ ತೆಗೆದ್ರೆ ಜನ ಗಂಟುಮೂಟೆ ಹೊತ್ಕೊಂಡು ಓಡೋರು. ಇಲ್ಲಿ ಒಂದು ನರಪಿಳ್ಳೆನೂ ಅಲ್ಲಾಡ್ತಿಲ್ಲ ಮೇಡಂ!"

"ಯಾರೂ ಓಡದಿದ್ರೇನಂತೆ? ಉಸಿರು ತಗೊಳ್ಳಿ. ನಿಧಾನ. ನಾನಿದ್ದೀನಿ."

ಓದಿದರು. ಅಂದಿನಿಂದ ಊರೆಲ್ಲ ಅವರ ಮಾತು ಕೇಳಿತು; ಅವರು ನನ್ನ ಮಾತು ಕೇಳಿದರು.

ಒಂದು ಸಂಜೆ, ಪಕ್ಕದಲ್ಲಿ ಕೂತಿದ್ದ ಸೌಂಡ್‌ನವಳು ನನ್ನನ್ನು ತಿವಿದಳು. "ಏನೇ, ಕಣ್ಣು ಮಿಟುಕಿಸದೆ ನೋಡ್ತಿದ್ದೀಯ?"

"ನೋಡೋದೇನು, ಈ ಮನುಷ್ಯ ಒಂದು ಸಲ ಕೂಗಿದ್ರೆ ಎಲ್ಲಿಗೆ ಅಂತಾನೂ ಕೇಳದೆ ಹತ್ತಿಬಿಡ್ತೀನಿ," ಎಂದೆ.

ಗುಂಡಿಯ ಮೇಲಿನ ಬೆರಳು ತೆಗೆದಿರಲಿಲ್ಲ!

ಪರದೆಯ ಮೇಲೆ ಅವರು ತರಕಾರಿ ಬೆಲೆ ಏರಿದ ಸುದ್ದಿ ಓದುತ್ತಿದ್ದರು. ತುಟಿಯ ಒಂದು ಕೊನೆ ಮಾತ್ರ ಮೇಲೆದ್ದಿತು. ಬಿಗಿಹಿಡಿದರು, ನಿಲ್ಲಲಿಲ್ಲ. ಮುಖವೆಲ್ಲ ಅರಳಿಹೋಯಿತು. ಬಡವರ ಕಷ್ಟಕ್ಕೆ ನಗುತ್ತಾನೆಂದು ನೋಡುಗರು ಫೋನಿನಲ್ಲಿ ಉಗಿದರು.

ಸುದ್ದಿ ಮುಗಿದ ಮೇಲೆ ನಾನು ಮುಖ ಮರೆಸಿಕೊಂಡು ಹಿಂಬಾಗಿಲ ಕಡೆ ನಡೆದೆ. ಹಿಂದಿನಿಂದ ಅದೇ ನಿಲ್ದಾಣದ ದನಿ: "ಪ್ರಯಾಣಿಕರ ಗಮನಕ್ಕೆ. ಬಸ್ಸು ಹೊರಡಲು ಸಿದ್ಧವಾಗಿದೆ. ಎಲ್ಲಿಗೆ ಅಂತ ಡ್ರೈವರಿಗೂ ಗೊತ್ತಿಲ್ಲ. ಹತ್ತೋರು ದಯವಿಟ್ಟು ಹತ್ತಬೇಕು."

ಹತ್ತಿದೆ.

ಮುಪ್ಪಿನಲ್ಲಿ ಅವರ ಎಡಗಿವಿ ಕೈಕೊಟ್ಟಿತು. "ಒಳ್ಳೇದಾಯ್ತು ಬಿಡೇ, ಊರಿನ ಮಾತು ಹೋಯ್ತು, ನಿನ್ನದು ಉಳೀತು," ಎಂದು ನನ್ನ ಎಡಕ್ಕೇ ಬಂದು ಕೂರುತ್ತಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ಚಿನಕುರುಳಿ ಬಿಕ್ಕಿದಳು. "ನಾನು ಹೋದ ಸುದ್ದಿ ನೀನೇ ಓದ್ಬೇಕು, ತಡವರಿಸಿದ್ರೆ ಎದ್ದು ಬಂದು ತಿದ್ತೀನಿ ಅಂತ ತಮಾಷೆ ಮಾಡ್ತಿದ್ರು. ಸಂಜೆ ಸುದ್ದಿ ನಂದೇ ಅಮ್ಮಾ. ನನ್ನ ಕೈಲಿ ಆಗಲ್ಲ."

ಅವರ ಕಡೆಯ ಸುದ್ದಿ ಕೆಡಬಾರದು. ಅವರನ್ನು ಮನೆಗೆ ಕಳಿಸಲು ಆಸ್ಪತ್ರೆಯವರಿಗೆ ಇನ್ನೂ ಹೊತ್ತು ಬೇಕಿತ್ತು. ಚಾನೆಲ್ ಎದುರು ರಸ್ತೆಯಲ್ಲೇ ಇತ್ತು. "ನಡಿ," ಎಂದೆ.

ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಎದ್ದು ನಿಂತರು. ನನ್ನ ಹಳೆಯ ಜಾಗ ಬಿಟ್ಟುಕೊಟ್ಟರು. ಪರದೆಯ ಮೇಲೆ ಚಿನಕುರುಳಿ ನಮಸ್ಕಾರ ಹೇಳಿದಳು. ಅವರ ಹೆಸರು ಬರುವಲ್ಲಿ ನಿಂತುಬಿಟ್ಟಳು. ಅವಳ ಪಕ್ಕದಲ್ಲಿ ಅವರ ಹಳೆಯ ಚಿತ್ರ ನಗುತ್ತಿತ್ತು. ಆ ನಗೆಯನ್ನೇ ನೋಡುತ್ತಾ ಗುಂಡಿ ಒತ್ತಿದೆ.

"ಉಸಿರು ತಗೋ ಮಗಳೇ. ನಿಧಾನ. ನಾನಿದ್ದೀನಿ."

ಅವಳು ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಸುದ್ದಿ ಮುಗಿದರೂ ಗುಂಡಿಯಿಂದ ಬೆರಳು ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಸೌಂಡ್‌ನವರು ಮೆಲ್ಲನೆ ನನ್ನ ಕೈ ಎತ್ತಿಟ್ಟರು. ಆಗ ಅತ್ತೆ.

ಈಗ ನನ್ನ ಎಡಗಡೆಯ ಕುರ್ಚಿ ಖಾಲಿ. ದಿನವೂ ದೀಪ ಹಚ್ಚಿ ಅದರ ಪಕ್ಕ ಕೂತು ಕೈಮುಗಿಯುತ್ತೇನೆ. ದೇವರೇ, ಬದುಕೆಲ್ಲ ಊರಿನವರ ಸಾವುನೋವು ಓದಿ ದಣಿದ ಜೀವ ಅದು. ನಿನ್ನ ಹತ್ತಿರ ಅದಕ್ಕೆ ಸ್ವಲ್ಪ ಮೌನ ಕೊಡು. ಅಲ್ಲಿ ಅವರು ಯಾರನ್ನೂ ಕೂಗುವುದು ಬೇಡ. ನನ್ನ ಹೊತ್ತು ಬಂದಾಗ ಮಾತ್ರ ಒಮ್ಮೆ ಕೂಗಲಿ. ಅಲ್ಲಿಯತನಕ ಅವರ ಆತ್ಮ ನಿನ್ನ ಪಾದದಲ್ಲಿ ಶಾಂತವಾಗಿರಲಿ.