ಶಂಕ್ರೆಪ್ಪ ಆರಿಸಿದ ಶಾಲೆ

ಅಣ್ಣ ಕಾಶಪ್ಪ ಸಾಯುವ ಮೊದಲು ಬರೆಸಿಟ್ಟ ಮೃತ್ಯುಪತ್ರದಲ್ಲಿ ಶಂಕ್ರೆಪ್ಪನ ಹೆಸರು ಎರಡೇ ಕಡೆ ಇತ್ತು. ಮಗ ಬಸವಂತನಿಗೆ ಇಪ್ಪತ್ತೊಂದು ತುಂಬುವ ತನಕ ಬೈಕುಲ್ಲಾದ ಮೆಣಸಿನಕಾಯಿ ಅಂಗಡಿಯನ್ನು ತಮ್ಮ ಶಂಕ್ರೆಪ್ಪ ನೋಡಿಕೊಳ್ಳತಕ್ಕದ್ದು ಎಂದು ಒಮ್ಮೆ. ಅಷ್ಟರೊಳಗೆ ಬಸವಂತನೇ ಇಲ್ಲವಾದರೆ ಅಂಗಡಿ ಶಂಕ್ರೆಪ್ಪನದು ಎಂದು ಇನ್ನೊಮ್ಮೆ. ಮೊದಲನೆಯ ಮಾತಿನಂತೆ ಅವನು ಹದಿನಾಲ್ಕು ವರ್ಷ ಬ್ಯಾಡಗಿ ಚೀಲಗಳ ಘಾಟು ಕುಡಿದು ಕೆಮ್ಮಿದ್ದ. ಎರಡನೆಯ ಮಾತು ನೆನಪಾಗತೊಡಗಿದ್ದು ಹುಡುಗನಿಗೆ ಮೀಸೆ ಬಂದ ಮೇಲೆ.

ಅಲ್ಲಿಯ ತನಕ ಅವನಿಗೆ ಅಂಗಡಿ ತನ್ನದಲ್ಲ ಅನ್ನುವುದೇ ಮರೆತುಹೋಗಿತ್ತು. ಹೊಸ ಲಾರಿ ಬಂದ ದಿನ ಬಸವಂತ ಓಡಿಹೋಗಿ ಹತ್ತಿ ಕೂತರೆ, ಇಡೀ ಮಾರ್ಕೆಟ್ಟಿನ ಎದುರು ಅವನನ್ನು ಕೆಳಗಿಳಿಸಿದ್ದ. ಹೊಸ ಗಾಡಿಯಲ್ಲಿ ಮನೆಯ ಹಿರಿಯರು ಮೊದಲು ಕೂಡಬೇಕು, ಅದು ನಮ್ಮ ಮನೆತನದ ಪದ್ಧತಿ ಎಂದು ಗದರಿಸಿ, ತಾನೇ ಕೂತು ಅತ್ತಿಗೆಯ ಕೈಯಲ್ಲಿ ಆರತಿ ಮಾಡಿಸಿಕೊಂಡಿದ್ದ. ಮಾಲೀಕ ಯಾರು ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಅಷ್ಟೇ. ಹುಡುಗ ನಕ್ಕು ಇಳಿದುಬಂದಿದ್ದ.

ಆ ಹುಡುಗನಿಗೆ ವಿಮಾನದ ಹುಚ್ಚು. ತಾನು ಪೈಲಟ್ ಆಗುತ್ತೇನೆ, ಅಂಗಡಿಯ ಗಾದಿಯ ಮೇಲೆ ಅವ್ವ ಕೂಡುತ್ತಾಳೆ, ಸೋದರಮಾವ ಜೊತೆಗಿರುತ್ತಾನೆ ಎಂದು ಅವನು ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ಅವನ ಅವ್ವ ರಾಚವ್ವ ಹೌದೆಂದು ತಲೆಯಾಡಿಸಿದಳು. ಶಂಕ್ರೆಪ್ಪನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಐವತ್ತರ ವಯಸ್ಸಿನಲ್ಲಿ ಯಾರ ಅಂಗಡಿಯಲ್ಲಿ ಚೀಲ ಹೊಲಿಯಲು ಹೋಗಬೇಕು?

ಶಂಕ್ರೆಪ್ಪ ಮೂಲತಃ ಪುಕ್ಕಲ. ಪೊಲೀಸಿನವನು ದಾರಿ ಕೇಳಿದರೂ ಎದೆ ಡವಡವ ಅನ್ನುತ್ತಿತ್ತು. ಎತ್ತರವೆಂದರೆ ಆಗದು ಎಂದೇ ಚಾಳಿನಲ್ಲಿ ನೆಲ ಅಂತಸ್ತಿನ ಕತ್ತಲೆ ಖೋಲಿ ಹಿಡಿದಿದ್ದ. ವಿಷ, ಚೂರಿ ಇಂಥವೆಲ್ಲ ಅವನ ಕೈಲಾಗುವ ಕೆಲಸವಲ್ಲ. ಹೀಗಿರುವಾಗ ಎಲ್ಲೋ ಒಂದು ತರಬೇತಿ ವಿಮಾನ ಬಿದ್ದು ವಿದ್ಯಾರ್ಥಿ ಸತ್ತ ಸುದ್ದಿಯನ್ನು ಪೇಪರಿನಲ್ಲಿ ಓದಿದ. ಯಾರ ಮೇಲೂ ಕೇಸಿಲ್ಲ, ಎಲ್ಲರೂ ಅಯ್ಯೋ ಅಂದಿದ್ದರು. ಕೈ ಮಾಡಬೇಕಾಗಿಯೇ ಇಲ್ಲ. ಶಾಲೆಯನ್ನು ಸರಿಯಾಗಿ ಆರಿಸಿದರೆ ಸಾಕು. ಆ ರಾತ್ರಿ ಅವನು ಹೆದರುತ್ತಲೇ ಸಂತೋಷಪಟ್ಟ.

ಮಗಳಿಗೆ ಗಂಡು ಹುಡುಕುವವನ ಹಾಗೆ ಅವನು ಶಾಲೆ ಹುಡುಕಿದ. ಮೊದಲು ನೋಡಿದ್ದು ಶಿಸ್ತಿನ ಫ್ಲೈಯಿಂಗ್ ಕ್ಲಬ್ಬು. ಐದು ವರ್ಷದಲ್ಲಿ ಒಂದು ವಿಮಾನವೂ ಬಿದ್ದಿಲ್ಲ ಎಂದು ಅಲ್ಲಿಯ ಗುಮಾಸ್ತ ಎದೆಯುಬ್ಬಿಸಿ ಹೇಳಿದ. ಶಂಕ್ರೆಪ್ಪ ಮೋರೆ ಸಪ್ಪಗೆ ಮಾಡಿಕೊಂಡು ಬಂದ. ಎರಡನೆಯದರಲ್ಲಿ ಒಂದು ಬಿದ್ದಿತ್ತು, ಆದರೆ ಪೈಲಟ್ಟಿಗೆ ಮೊಣಕೈ ತರಚಿತ್ತು ಅಷ್ಟೇ. ಮೂರನೆಯದು ಗೋರೆಗಾಂವಿನ ಆಚೆ, ಯುದ್ಧಕಾಲದಲ್ಲಿ ವಿಮಾನ ಇಳಿಸಲು ಹಾಕಿ ಬಿಟ್ಟಿದ್ದ ಪಟ್ಟಿಯ ಮೇಲೆ. ಎರಡು ವಿಮಾನ, ನಾಲ್ಕು ವಿದ್ಯಾರ್ಥಿಗಳು, ಒಬ್ಬನೇ ಮೆಕ್ಯಾನಿಕ್. ಎರಡು ವರ್ಷದಲ್ಲಿ ಮೂರು ಸಲ ಬಿದ್ದಿವೆ, ಇಬ್ಬರು ಹೋದರು ಎಂದು ಗುಮಾಸ್ತ ತಲೆ ತಗ್ಗಿಸಿ ಹೇಳಿದ. ಶಂಕ್ರೆಪ್ಪ ಅಲ್ಲೇ ಅರ್ಜಿ ಕೇಳಿದ.

ಮನೆಯಲ್ಲಿ ಬೇರೆಯದೇ ಹೇಳಿದ. ದೊಡ್ಡ ಕ್ಲಬ್ಬುಗಳಲ್ಲಿ ಪಾಳಿ ಬರುವುದು ಎಂಟು ದಿನಕ್ಕೊಮ್ಮೆ. ಇಲ್ಲಿ ದಿನಾ ಹಾರಬಹುದು. ಮೊದಲು ಎ ಲೈಸೆನ್ಸು, ಆಮೇಲೆ ಸಂಬಳದ ಪೈಲಟ್ ಆಗಲು ಬೇಕಾದ ಬಿ ಲೈಸೆನ್ಸು, ಎರಡೂ ಬೇಗ ಮುಗಿಯುತ್ತವೆ. ಅಪ್ಪನಿದ್ದರೂ ಇಷ್ಟು ತಿರುಗುತ್ತಿರಲಿಲ್ಲ ಎಂದು ಮಾರ್ಕೆಟ್ಟಿನವರು ಹೊಗಳಿದರು.

ಆಮೇಲೆ ಶುರುವಾಯಿತು ನೋಡಿ ಅವನ ಪಾಡು. ಪಕ್ಕದ ಅಂಗಡಿಯಲ್ಲಿ ಫೋನು ಹೊಡೆದುಕೊಂಡರೆ ಇವನ ಜೀವ ಬಾಯಿಗೆ ಬರುತ್ತಿತ್ತು. ಸುದ್ದಿ ಬಂತೇ ಎಂಬ ಹೆದರಿಕೆ, ಬರಲಿಲ್ಲವಲ್ಲ ಎಂಬ ಹೆದರಿಕೆ. ಪ್ರತಿ ಭಾನುವಾರ ದಾದರಿನಲ್ಲಿ ಲೋಕಲ್ ಬದಲಿಸಿ ಗೋರೆಗಾಂವಿಗೆ ಹೋಗಿ, ಮೆಕ್ಯಾನಿಕ್ ದೂಜನ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಈ ತಂತಿ ಯಾತಕ್ಕೆ, ಇದು ಹರಿದರೆ ಏನಾಗುತ್ತದೆ, ಆ ಬೋಲ್ಟು ಸಡಿಲಾದರೆ ಉಳಿಯುತ್ತಾರೋ ಇಲ್ಲವೋ ಎಂದೆಲ್ಲ ಕೇಳುತ್ತಿದ್ದ. ಉಡುಪಿ ಕಡೆಯ ಬಡಪಾಯಿ ದೂಜನಿಗೆ ಕಣ್ಣು ತುಂಬಿಬರುತ್ತಿತ್ತು. ಹುಡುಗರನ್ನು ಬಿಟ್ಟು ಹೋದವರು ಎಷ್ಟೋ ಮಂದಿ, ಹೀಗೆ ಬಂದು ವಿಚಾರಿಸಿದವರು ಇವರೊಬ್ಬರೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಎಂಟು ತಿಂಗಳು ಕಳೆದವು. ಬಸವಂತ ಬೀಳಲಿಲ್ಲ. ಎ ಲೈಸೆನ್ಸು ಕೈಗೆ ಬಂತು, ಇಪ್ಪತ್ತೊಂದು ತುಂಬಲು ಹನ್ನೆರಡು ದಿನ ಉಳಿಯಿತು. ಭಾನುವಾರ ಮನೆಯವರ ಎದುರು ವಿಮಾನ ಹಾರಿಸಿ ತೋರಿಸುವುದೆಂದು ಗೊತ್ತಾಯಿತು. ಶಂಕ್ರೆಪ್ಪನಿಗೆ ನಿದ್ದೆ ಹಾರಿಹೋಯಿತು.

ಶನಿವಾರ ಬೆಳಿಗ್ಗೆ ದೂಜ ಟ್ರಂಕು ಹಿಡಿದುಕೊಂಡು ಅಂಗಡಿಗೇ ಬಂದ. ತಾಯಿಗೆ ಸೀರಿಯಸ್ಸೆಂದು ತಂತಿ ಬಂದಿತ್ತು. ಹತ್ತು ಗಂಟೆಯ ಸ್ಟೀಮರಿಗೆ ಹೊರಟಿದ್ದ. ಬಸವಂತ ಎಲ್ಲಿ ಎಂದು ಕೇಳಿದ. ಅವನು ನೆಂಟರನ್ನು ಕರೆಯಲು ಆಂಟಾಪ್ ಹಿಲ್ಲಿಗೆ ಹೋಗಿದ್ದ.

"ಹಾಗಾದ್ರೆ ನೀವೇ ಹೇಳ್ಬೇಕು ಸಾಹುಕಾರ್ರೇ," ಎಂದು ದೂಜ ದನಿ ತಗ್ಗಿಸಿದ. "ಎರಡನೇ ನಂಬರಿನ ವಿಮಾನಕ್ಕೆ ಹತ್ತುದು ಬೇಡ. ಬಾಲದ ತಂತಿ ಎಳೆ ಎಳೆಯಾಗಿ ಬಿಡ್ತಾ ಉಂಟು, ಮೇಲೆ ಹರಿದ್ರೆ ವಿಮಾನ ಹಿಡಿತಕ್ಕೆ ಸಿಗುದಿಲ್ಲ. ನಾನು ಹೇಳಿದ್ರೆ ಮಾಲೀಕರು ಕಿವಿಗೆ ಹಾಕಿಕೊಳ್ಳುದಿಲ್ಲ. ನಿಮ್ಮ ಹತ್ರ ಹೇಳಿದ್ರೆ ನನಗೆ ಸಮಾಧಾನ."

"ಹೇಳ್ತೀನಪಾ, ನೀ ಆರಾಮ ಹೋಗಿ ಬಾ," ಎಂದ ಶಂಕ್ರೆಪ್ಪ.

ಅವನು ಹೋದ ಮೇಲೆ ಶಂಕ್ರೆಪ್ಪ ಚೀಲಗಳ ಹಿಂದೆ ಹೋಗಿ ಕೂತು ಯೋಚಿಸಿದ. ಮಾಡಬೇಕಾದ್ದು ಏನೂ ಇಲ್ಲ. ಸುಮ್ಮನಿದ್ದರಾಯಿತು. ಒಂದನೇ ನಂಬರಿನದು ಇಂಜಿನ್ ಬಿಚ್ಚಿ ನಿಂತು ವಾರವಾಗಿತ್ತು, ಹಾರುವುದು ಎರಡನೆಯದೇ. ದೂಜ ತಿರುಗಿ ಬರಲು ತಿಂಗಳು ಬೇಕು, ಬಂದು ಕೇಳಿದರೆ ಹೇಳಿದ್ದೆ, ಹುಡುಗ ಕೇಳಲಿಲ್ಲ ಎಂದರಾಯಿತು. ಸತ್ತವನು ಬಂದು ಇಲ್ಲ ಅನ್ನುವನೇ? ಸಂಜೆ ಬಸವಂತ ಬಂದು ಏನಾದರೂ ಸುದ್ದಿ ಇದೆಯೇ ಎಂದು ಕೇಳಿದ. ದೂಜ ಬಂದಿದ್ದ, ಬೆಳಿಗ್ಗೆಯೇ ಸ್ಟೀಮರ್ ಹತ್ತಿದ, ಹೇಳಿ ಹೋಗಲು ಬಂದಿದ್ದ ಅಷ್ಟೇ ಎಂದು ಶಂಕ್ರೆಪ್ಪ ಅತ್ತಿಗೆ, ಮಾರ್ಕೆಟ್ಟಿನವರು ಎಲ್ಲರ ಎದುರೂ ಹೇಳಿದ. ಅಂಗಡಿಯಾಳು ದೂಜನನ್ನು ನೋಡಿದ್ದ. ಬಂದೇ ಇಲ್ಲ ಅನ್ನುವಂತಿರಲಿಲ್ಲ.

ಭಾನುವಾರ ಪಟ್ಟಿಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಾರ್ಕೆಟ್ಟಿನ ಮೂವತ್ತು ಜನ ಬಂದಿದ್ದರು. ಅಳುವುದು ಎಲ್ಲಿ ನಿಂತು, ಅತ್ತಿಗೆಯನ್ನು ಹಿಡಿದುಕೊಳ್ಳುವುದು ಹೇಗೆ ಎಂದು ಶಂಕ್ರೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಎರಡು ಸಲ ನೀರು ಕುಡಿದ. ಉಳಿದ ವಿದ್ಯಾರ್ಥಿಗಳು ಎರಡನೇ ನಂಬರಿನ ವಿಮಾನವನ್ನು ತಳ್ಳಿ ತಂದು ನಿಲ್ಲಿಸಿದರು.

ಬಸವಂತ ಹತ್ತಲಿಲ್ಲ. ಕೈಯಲ್ಲಿ ಇನ್ನೊಂದು ಚರ್ಮದ ಟೊಪ್ಪಿಗೆ ಹಿಡಿದುಕೊಂಡು ನೆಟ್ಟಗೆ ಶಂಕ್ರೆಪ್ಪನ ಹತ್ತಿರ ಬಂದು ಕಾಲಿಗೆ ಬಿದ್ದ. "ನಡೀರಿ ಕಾಕಾ. ಗಾಡಿ ಹೊಸಾದು ಬಂದಾಗ ಹಿರಿಯಾರು ಮೊದಲ ಕೂಡಬೇಕಂತ ನೀವ ಹೇಳಿದ್ರಲ್ಲ. ನಾ ಮಂದೀನ್ನ ಕೂಡಿಸಿಕೊಂಡು ಹಾರಸೂದು ಇದ ಮೊದಲ." ಲಾರಿ ಬಂದ ದಿನ ಮುಂದೆ ನಿಂತು ನೋಡಿದವರೆಲ್ಲ ಹೌದು ಹೌದು ಎಂದರು. ತನಗೆ ಎತ್ತರ ಆಗುವುದಿಲ್ಲ, ತಲೆ ತಿರುಗುತ್ತದೆ ಎಂದು ಶಂಕ್ರೆಪ್ಪ ಗೋಗರೆದ. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಎಲ್ಲರೂ ನಕ್ಕರು, ಪ್ರೀತಿಯಿಂದಲೇ ಎತ್ತಿ ಕೂರಿಸಿದರು. ರಾಚವ್ವ ಆರತಿ ಬೆಳಗಿದಳು. ಸೊಂಟದ ಪಟ್ಟಿ ಬಿಗಿಯಿತು, ಬಸವಂತ ಹತ್ತಿ ಕೂತ, ಇಂಜಿನ್ ಶುರುವಾಯಿತು, ವಿಮಾನ ಅಲುಗಿ ಮುಂದೆ ಸರಿಯಿತು, ಶಂಕ್ರೆಪ್ಪನ ಎದೆಯೊಳಗಿದ್ದದ್ದೆಲ್ಲ ಬಾಯಿಗೆ ಬಂತು. "ನಿಲ್ಲಸೋ! ಬಾಲದ ತಂತಿ ಹರದೈತಿ, ದೂಜ ಹೇಳ್ಯಾನ, ಇಬ್ಬರೂ ಸಾಯ್ತೀವಿ!" ಇಂಜಿನ್ ನಿಂತಿತು. ಬಸವಂತ ಇಳಿದು ಹಿಂದೆ ಹೋಗಿ, ಬಾಲದ ತಂತಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಅಲ್ಲೇ ಕೂತುಬಿಟ್ಟ. ರಾಚವ್ವ ಆರತಿಯ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದಳು. "ಶಂಕ್ರೆಪ್ಪಾ, ದೂಜ ನಿನಗ ಇದನ್ನ ಯಾವಾಗ ಹೇಳಿದಾ?" ಎಂದು ಮೆಲ್ಲಗೆ ಕೇಳಿದಳು. ದೂಜ ನಿನ್ನೆ ಬೆಳಿಗ್ಗೆಯೇ ಸ್ಟೀಮರ್ ಹತ್ತಿದನೆಂದು ಅಲ್ಲಿ ನಿಂತಿದ್ದವರಿಗೆಲ್ಲ ಶಂಕ್ರೆಪ್ಪನೇ ಹೇಳಿದ್ದ.