ಸುಟ್ಟ ಸೇತುವೆಯ ಆಚೆ ದಡ

ಅನುಲೇಖ ಯಂತ್ರ ಎರಡನೆಯ ಸಂಪುಟವನ್ನು ಬರೆದು ಮುಗಿಸಿದಾಗ ಅದನ್ನು ಕಟ್ಟಿದ ಮೆಹಜಬೀನ ಬಾಗವಾನರ ಚಹಾ ಇನ್ನೂ ಆರಿರಲಿಲ್ಲ. ಸಾವಿರ ಪುಟದ ಕಾದಂಬರಿ, ಅದೂ ಚಹಾ ಆರುವುದರೊಳಗೆ! ಟ್ರಂಕಿನಷ್ಟಿದ್ದ ಆ ಪೆಟ್ಟಿಗೆಗೆ ಆಕೆ ಓದಿಸಿದ್ದು ಒಂದೇ ಪುಸ್ತಕ, ಹನ್ನೆರಡು ವರ್ಷದ ಹಿಂದೆ ಗಿರಿಮಲ್ಲ ಚಿನಿವಾಲ ಬರೆದ ‘ಕಲ್ಲುಹಕ್ಕಿಯ ನಾಡು’. ಲೇಖಕ ಎಲ್ಲಿ ಉಸಿರು ಬಿಗಿಹಿಡಿಯುತ್ತಾನೆ, ಎಲ್ಲಿ ಗುಟ್ಟು ಬಿಡುತ್ತಾನೆ, ಯಾವ ಮಾತಿನ ಮೇಲೆ ಅವನಿಗೆ ಮೋಹ, ಎಲ್ಲವನ್ನೂ ಯಂತ್ರ ಅಳೆದುಕೊಳ್ಳುತ್ತಿತ್ತು. ಒಬ್ಬ ಗಾಯಕನ ಆಲಾಪವನ್ನು ವರ್ಷಗಟ್ಟಲೆ ಕೇಳಿದವರು ಮುಂದಿನ ಸ್ವರವನ್ನು ಊಹಿಸುತ್ತಾರಲ್ಲ, ಹಾಗೆಯೇ ಇದು ಮುಂದಿನ ಕತೆಯನ್ನು ಊಹಿಸುತ್ತಿತ್ತು.

ಇದು ೨೦೬೧ರ ಸಂಗತಿ. ಅಷ್ಟು ಹೊತ್ತಿಗೆ ಗಿರಿಮಲ್ಲನೂ ತನ್ನ ಎರಡನೆಯ ಸಂಪುಟ ಮುಗಿಸಿಕೊಂಡು ಬಂದಿದ್ದ. ಹನ್ನೆರಡು ವರ್ಷದ ದುಡಿಮೆ. ಆದರೆ ಪ್ರಕಾಶಕರು, “ಎರಡನ್ನೂ ಅಚ್ಚುಹಾಕಲು ಆಗುವುದಿಲ್ಲ. ಗುಳೇದಗುಡ್ಡದವರು ಒಪ್ಪಿದ್ದು ಬರಲಿ” ಎಂದುಬಿಟ್ಟರು.

ಗುಳೇದಗುಡ್ಡವೇ ಏಕೆಂದರೆ, ಮೊದಲ ಪುಸ್ತಕಕ್ಕೆ ಹೆಸರು ಬಂದದ್ದು ಅಲ್ಲಿಯ ಕುಪ್ಪಸದ ಖಣ ನೇಯುವ ಮಗ್ಗಗಳ ನಡುವೆ. ಅಯಸ್ಕಾಂತದ ಮಗ್ಗಗಳು ಬಂದ ಮೇಲೆ ಶೆಡ್ಡುಗಳಲ್ಲಿ ಖಟಪಟ ಸದ್ದು ನಿಂತಿತ್ತು. ಬಟ್ಟೆಯನ್ನು ಮಗ್ಗ ನೇಯ್ದರೂ ಖಣದ ಹೂವಿನ ಎಳೆಯನ್ನು ಮಾತ್ರ ಇನ್ನೂ ಕೈಯಿಂದಲೇ ಎತ್ತಬೇಕಿತ್ತು. ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ಒಬ್ಬರು ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಕತೆ ಓದುವುದು, ಅವರ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದು ಅಲ್ಲಿಯ ಪದ್ಧತಿಯಾಯಿತು.

ಈರಬಸಪ್ಪನ ಶೆಡ್ಡಿನಲ್ಲಿ ಓದುವವಳು ತಂಗೆವ್ವ. ಕತೆಯಲ್ಲಿ ರಾಕ್ಷಸ ಬಂದರೆ ರಾಕ್ಷಸನಾಗಿ, ರಾಣಿ ಬಂದರೆ ರಾಣಿಯಾಗಿ ಓದುವ ಗಟ್ಟಿಗಿತ್ತಿ. ಒಂದು ವಾರ ಕೆಂಪು ರಟ್ಟಿನ ಪ್ರತಿ, ಮರುವಾರ ನೀಲಿ ರಟ್ಟಿನದು. ಯಾವುದು ಗಿರಿಮಲ್ಲನದು, ಯಾವುದು ಯಂತ್ರದ್ದು ಎಂದು ಅವಳಿಗೂ ಗೊತ್ತಿರಲಿಲ್ಲ. ಕೆಂಪಿನಲ್ಲಿ ಮಿಹಿರೆ ಎಂಬ ರಾಜಕುಮಾರಿ ಮತ್ತೆ ಕಲ್ಲುಹಕ್ಕಿ ಏರಿ ಮಸಿರಾಜನ ಸೈನ್ಯವನ್ನು ಅಟ್ಟಾಡಿಸಿದಳು. ಪುಟಕ್ಕೊಂದು ಕಾಳಗ. ನೀಲಿಯ ದಾರಿಯೇ ಬೇರೆ. ಹಕ್ಕಿಗೆ ಮುಪ್ಪು ಬಂದಿದೆ, ಮಸಿರಾಜ ಸೆರೆಯಲ್ಲಿದ್ದಾನೆ. ಮೊದಲ ಪುಸ್ತಕದಲ್ಲಿ ಮಿಹಿರೆ ಪಾರಾಗಲೆಂದು ಸುಟ್ಟ ಸೇತುವೆಯ ಆಚೆ ದಡದಲ್ಲಿ ಒಂದಿಡೀ ಊರು ಸಿಕ್ಕಿಬಿದ್ದಿದೆ. ಅಲ್ಲೊಬ್ಬ ಬಸುರಿ, ಈಚೆ ದಡದಲ್ಲಿ ಅವಳ ತಾಯಿ. ದಿನಾ ಸಂಜೆ ಇಬ್ಬರೂ ಹೊಳೆಯ ಸದ್ದನ್ನು ಮೀರಿ ಕೂಗಿ ಮಾತಾಡುತ್ತಾರೆ. ಸೇತುವೆಯನ್ನು ಮತ್ತೆ ಕಟ್ಟುವ ಕೆಲಸ ಮೆಲ್ಲಗೆ ಸಾಗಿದೆ.

ಎರಡನೆಯ ವಾರದ ಶನಿವಾರ ಮೆಹಜಬೀನ ಶೆಡ್ಡಿಗೆ ಬಂದು, ಯಾವುದು ಅಚ್ಚಾಗಲಿ ಎಂದು ಕೈ ಎತ್ತಿಸಿದರು. ಹೆಚ್ಚುಕಮ್ಮಿ ಎಲ್ಲ ಕೈಗಳೂ ಕೆಂಪಿಗೆ.

“ಇದ ನೋಡ್ರಿ ನಮ್ಮ ಗಿರಿಮಲ್ಲಣ್ಣನ ಬರವಣಿಗಿ. ಓದಾಕ ಕುಂತ್ರ ಗುರ್ತ ಸಿಕ್ಕೇಬಿಡ್ತೈತಿ,” ಎಂದಳು ತಂಗೆವ್ವ. “ಆ ನೀಲಿ ಮಷಿನ್ನಿಂದ ಇರಬೇಕು. ಯುದ್ಧಾನ ಇಲ್ಲ, ಬರೇ ಮಂದಿ ಅಳೂದು.”

“ಕೆಂಪು ಯಂತ್ರದ್ದು,” ಎಂದರು ಮೆಹಜಬೀನ. ಗೆದ್ದ ಸಂತೋಷವನ್ನು ಮುಚ್ಚಿಡುವುದು ಅವರಿಂದ ಆಗಲಿಲ್ಲ.

ಬಾಗಿಲ ಬಳಿ ನಿಂತಿದ್ದ ಗಿರಿಮಲ್ಲ ನೀಲಿ ಪ್ರತಿಯನ್ನು ಎತ್ತಿ ಬಗಲಿಗೆ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಮಾಲೀಕ ಈರಬಸಪ್ಪ ತೋಳಿನ ತುಂಬ ಖಣ ಹೊತ್ತು ನುಗ್ಗಿದ.

“ಏನ ರೋಗ ಬಡದೈತಿ ನಿಮ್ಮ ಕೈಗೆ? ಹೂವಿಗೆ ಎಸಳಿಲ್ಲ, ತೇರಿಗೆ ಗಾಲಿ ಇಲ್ಲ! ಹ್ವಾದ ವಾರ ಮುತ್ತಿನಂಗ ನೇಯ್ದೀರಿ, ಈ ವಾರ ಏನಾತು?”

ಒಬ್ಬಾಕೆ ಮೆಲ್ಲಗೆ, “ನನ್ನ ಎಳಿ ತಪ್ಪಿದ್ದು ಆ ಬಸುರಿ ಹುಡುಗಿಗೆ ಬ್ಯಾನಿ ಸುರು ಆದಾಗ್ರಿ,” ಎಂದಳು. “ನಂದು ಅವರವ್ವ ನೀರಿಗೆ ಇಳಿದಾಗ,” ಎಂದ ಇನ್ನೊಬ್ಬ. “ಸುಳ್ಳ ಹೇಳಬ್ಯಾಡೋ, ನೀ ಮಗ್ಗಾನ ಬಂದ್ ಮಾಡಿ ಕುಂತಿದ್ದಿ!” ಎಂದು ಮೂರನೆಯವನು ಅವನ ಮಾನ ತೆಗೆದ. ನಗು ಎದ್ದಿತು.

“ಹಂಗಾರ ಆ ಹಾಳ ನೀಲಿ ಪುಸ್ತಕ ನನ್ನ ಶೆಡ್ಡಿನ್ಯಾಗ ಬ್ಯಾಡ,” ಎಂದ ಈರಬಸಪ್ಪ.

“ಬ್ಯಾಡ ಅಂದ್ರ ಹೆಂಗ್ರಿ ಯಪ್ಪಾ? ಸೇತುವಿ ಕಟ್ಟೂದು ಇನ್ನಾ ಅರ್ಧಾ ಉಳದೈತಿ!” ತಂಗೆವ್ವ ಸ್ಟೂಲಿನಿಂದ ಎದ್ದು ಮೆಹಜಬೀನರ ಕಡೆ ತಿರುಗಿದಳು. “ಬಾಯಾರ, ನಾವು ಕೈ ಎತ್ತಿದ್ದು ಬರೇ ಗುರ್ತದ ಮ್ಯಾಲ. ನೀಲೀದ ಅಚ್ಚ ಹಾಕಸ್ರಿ. ಮನಿಗೆ ಒಯ್ದು ಓದ್ತೀವಿ, ಇವರ ಖಣಾನೂ ಉಳೀತಾವ.”

ಮೆಹಜಬೀನ ಖಣಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೆಂಪು ವಾರದ ಬಟ್ಟೆಯಲ್ಲಿ ಒಂದೂ ತಪ್ಪಿರಲಿಲ್ಲ. ಕೇಳಿದವರಿಗೆ ಮುಂದೇನೆಂಬುದು ಅಷ್ಟು ಚೆನ್ನಾಗಿ ಗೊತ್ತಿತ್ತು. ಆಕೆ ಸೋಲನ್ನು ಹಟವಾಗಿಸಿಕೊಳ್ಳುವ ಪೈಕಿ ಅಲ್ಲ, ಕುತೂಹಲದವರು. ಪ್ರಕಾಶಕರಿಗೆ ಅಲ್ಲಿಂದಲೇ ಫೋನು ಮಾಡಿ, “ನೀಲಿಯೇ ಬರಲಿ” ಎಂದರು. ಆಮೇಲೆ ಗಿರಿಮಲ್ಲನನ್ನು ಪಕ್ಕಕ್ಕೆ ಕರೆದರು.

“ನನ್ನ ಯಂತ್ರಕ್ಕೆ ಹನ್ನೆರಡು ವರ್ಷ ವಯಸ್ಸು ಕೂಡಿಸಿಯೂ ಬರೆಸಿ ನೋಡಿದ್ದೇನೆ. ಮಾತು ಮಾಗಿತು, ವಿಶೇಷಣ ಕಡಿಮೆಯಾದವು. ಸೇತುವೆಯ ಕಡೆ ಮಾತ್ರ ಅದು ತಿರುಗಿಯೂ ನೋಡಲಿಲ್ಲ. ನಿಮಗೆ ಹೇಗೆ ಹೊಳೆಯಿತು?”

“ನನಗ ಹೊಳದಿದ್ದಲ್ರೀ, ತಂಗೆವ್ವ ಕೇಳಿದ್ಲು. ಮೊದಲನೇ ಪುಸ್ತಕ ಇಲ್ಲೇ ಓದಿ ಮುಗಿಸಿದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು. ಈಕಿ ಒಬ್ಬಾಕಿ, ‘ಸೇತುವಿ ಸುಟ್ಟ ಮ್ಯಾಲ ಆ ಕಡಿ ಮಂದಿ ಸಂತಿಗೆ ಹೆಂಗ ಬರ್ತಾರ?’ ಅಂದ್ಲು. ಅವತ್ತ ಭಾಳ ಸಿಟ್ಟ ಬಂತು. ಆಮ್ಯಾಲ ನಿದ್ದಿ ಬರಲಿಲ್ಲ.”

“ನಾ ಕೇಳಿದ್ನೇನ?” ಅಲ್ಲೇ ಕಿವಿಗೊಟ್ಟು ನಿಂತಿದ್ದ ತಂಗೆವ್ವ ಬೆರಗಾದಳು. “ನನಗ ನೆಪ್ಪಾ ಇಲ್ಲ ನೋಡಪಾ. ಸಂತಿ ಚಿಂತಿ ಇದ್ದಿದ್ದು ನನಗ ಅವತ್ತ!”

ನೀಲಿ ಸಂಪುಟ ಅಚ್ಚಾಯಿತು. ಸಾವಿರದ ಮುನ್ನೂರು ಪುಟ. ಜನ ಬೈದುಕೊಂಡೇ ಓದಿದರು, ಓದಿ ಜಗಳವಾಡಿದರು, ಮುಗಿಯಿತೆಂದು ಬೇಜಾರೂ ಪಟ್ಟರು. ಅನುಲೇಖವೇನೂ ಮೂಲೆ ಸೇರಲಿಲ್ಲ. ಆ ಕ್ಷಣಕ್ಕೆ ಬೇಕಾದ ಕತೆಯನ್ನು ಆ ಕ್ಷಣಕ್ಕೆ ಕೊಡುತ್ತ ಸುಖವಾಗಿ ಬಾಳಿತು.

ಮೆಹಜಬೀನ ಮಾತ್ರ ಹೊಸ ಕೆಲಸ ಹಿಡಿದರು. ಲೇಖಕ ಹೇಗೆ ಬೆಳೆಯುತ್ತಾನೆಂದು ಊಹಿಸಬೇಕಾದರೆ ಯಂತ್ರಕ್ಕೆ ಪುಸ್ತಕದ ಜೊತೆ ಓದುಗರ ಪ್ರಶ್ನೆಗಳೂ ಬೇಕು ಎಂದು ತೀರ್ಮಾನಿಸಿ, ಹಳೆಯ ಸಂಗ್ರಹಗಳನ್ನು ಜಾಲಾಡಿದರು. ೨೦೨೦ರ ದಶಕದ ಓದುಗರು ತಮ್ಮ ಮೆಚ್ಚಿನ ಲೇಖಕರಿಗೆ ಕಳಿಸಿದ ಸಂದೇಶಗಳು ರಾಶಿ ರಾಶಿ ಸಿಕ್ಕವು. ತುಂಬ ಪ್ರೀತಿಯ ಮಂದಿ. ಆದರೆ ಸಂದೇಶದ ಮೇಲೆ ಸಂದೇಶ ತೆರೆದರೂ ಇದ್ದದ್ದು ಒಂದೇ ಪ್ರಶ್ನೆ: ಮುಂದಿನ ಭಾಗ ಯಾವಾಗ? ಆ ಪ್ರಶ್ನೆಗೆ ಲೇಖಕರು ಉತ್ತರವನ್ನೂ ಕೊಟ್ಟಿದ್ದರು. ಮುಂದಿನ ಭಾಗಗಳು ಸಮಯಕ್ಕೆ ಸರಿಯಾಗಿ ಬಂದಿದ್ದವು. ಅನುಲೇಖ ಅವುಗಳನ್ನು ಒಂದು ವಾಕ್ಯವೂ ತಪ್ಪದಂತೆ ಊಹಿಸಿಬಿಟ್ಟಿತು.

ಎಷ್ಟೊಂದು ಜನ ಓದಿದ್ದರಲ್ಲ, ಅಂದುಕೊಂಡರು ಆಕೆ. ಆಗ ಲೇಖಕರು ಇನ್ನೂ ಬದುಕಿದ್ದರು, ಬರೆಯುತ್ತಿದ್ದರು, ಹಿಂಬದಿಯ ರಟ್ಟಿನ ಮೇಲೆ ವಿಳಾಸವೂ ಇತ್ತು. ಒಂದು ಬೇರೆ ಪ್ರಶ್ನೆ ಕೇಳಲು ಆ ಓದುಗರಿಗೆ ಬೇಕಾದಷ್ಟು ಹೊತ್ತಿತ್ತು.